ಬರ್ತೇನಿ ಅಂದವನು

"ಗ್ಲಿಯಾ ಅಂದ್ರ ವೈರ್ ಮ್ಯಾಲಿನ ರಬ್ಬರ್ ಇದ್ದಂಗೇನ್ರಿ?"

ಸಿಡ್ನಿಯ ಪ್ಯಾರಮಟ್ಟಾದ ಕನ್ನಡ ಕೂಟದಲ್ಲಿ ನರಕೋಶಗಳ ಮತ್ತು ಅವುಗಳಿಗೆ ಆಸರೆಯಾದ ಗ್ಲಿಯಾ ಕೋಶಗಳ ಬಗ್ಗೆ ಮಾತಾಡಿ ಆಗಷ್ಟೇ ಮುಗಿಸಿದ್ದೆ. ಕೇಳಿದವನು ವಿರುಪಾಕ್ಷ, ಹುಬ್ಬಳ್ಳಿಯವನು, ಈಗ ಸಿಡ್ನಿಯಲ್ಲೇ ಐಟಿ ಕೆಲಸ. ನಾನು ಮಹಾಶ್ವೇತಾ, ಧಾರವಾಡದವಳು, ಮೆಲ್ಬರ್ನ್‌ನ ಲ್ಯಾಬೊಂದರಲ್ಲಿ ದಿನವಿಡೀ ಗ್ಲಿಯಾ ಕೋಶಗಳನ್ನೇ ನೋಡುತ್ತ ಕೂರುವವಳು. ಸಿಟ್ಟು ಬರದೆ ಇರುತ್ತದೆಯೇ?

"ರಬ್ಬರ್ ಎಲ್ಲ್ಯಾರ ವೈರ್ ಜೋಡಿ ಮಾತಾಡ್ತದೇನ್ರಿ? ಇಲ್ಲಿ ನರಕೋಶ ಕರೀತದ, ಗ್ಲಿಯಾ ಬಂದು ಪದರದ ಮ್ಯಾಲೆ ಪದರ ಸುತ್ತಿಕೊಳ್ತದ. ಆ ಹೊದಿಕಿಗೆ ಮಯಲಿನ್ ಅಂತಾರ. ಆಮ್ಯಾಲೂ ಬಿಟ್ಟು ಹೋಗಂಗಿಲ್ಲ, ಒಳಗಿನ ನರಕ್ಕ ಊಟಾ ಕೊಡ್ತದ."

"ಕೌದಿ ಅನ್ರಿ ಹಂಗಾದ್ರ," ಎಂದು ಕಣ್ಣಲ್ಲೇ ನಕ್ಕ. "ಮತ್ತ ನರ ಸುಮ್ಮನಾದ್ರ?"

"ಹೊದಿಕಿ ತೆಳ್ಳಗಾಗ್ತದ."

"ಅಯ್ಯ, ಹಂಗಾಗಬಾರದು. ನನ್ನ ನಂಬರ್ ಇಟ್ಕೋರಿ. ಕರೀಲಿಕ್ಕೆ ಬೇಕಾಗ್ತದ."

ಎಂಥಾ ಭಂಡ! ಇಟ್ಟುಕೊಂಡೆ. ಆಮೇಲೆ ಒಂದು ವರ್ಷ ಸಿಡ್ನಿಗೂ ಮೆಲ್ಬರ್ನ್‌ಗೂ ನಡುವೆ ನಮ್ಮ ಮಾತು ನಿಲ್ಲಲಿಲ್ಲ.

ಮೊನ್ನೆ ಶುಕ್ರವಾರ ಧೈರ್ಯ ಮಾಡಿದೆ. "ವಿರೂ, ಈ ಫೋನಿನ ಮಾತು ಸಾಕಾತು. ನೀ ನನಗ ಬೇಕು. ದಿನಾ, ಇಲ್ಲೇ, ನನ್ನ ಜೋಡಿ."

"ಬರ್ತೇನಿ," ಎಂದು ಫೋನ್ ಇಟ್ಟ.

ನಮ್ಮಲ್ಲಿ ಹೊರಡುವವರು ಹೋಗ್ತೇನಿ ಅನ್ನುವುದಿಲ್ಲ, ಬರ್ತೇನಿ ಅನ್ನುತ್ತಾರೆ. ನಾನು ಮನಸ್ಸು ಬಿಚ್ಚಿಟ್ಟರೆ ಇವನು ಬೈ ಹೇಳುತ್ತಾನೆ! ಕಟ್ಟಾದ ಫೋನಿಗೇ ಬಾಯಿಗೆ ಬಂದಂತೆ ಬೈದೆ, ಫೋನ್ ಆಫ್ ಮಾಡಿದೆ, ದಿಂಬು ಒದ್ದೆಯಾಗುವಷ್ಟು ಅತ್ತೆ.

ಮರುದಿನ ಮಧ್ಯಾಹ್ನ ಮೆಲ್ಬರ್ನ್ ಹೊರವಲಯದ ಕ್ಲೈಡ್ ನಾರ್ತ್‌ನ ನನ್ನ ಮನೆಯ ಬೆಲ್ ಆಯಿತು. ಬಾಗಿಲಲ್ಲಿ ವಿರುಪಾಕ್ಷ. ಬಗಲಲ್ಲಿ ಒಂದು ಕೌದಿ, ಅವನ ಅವ್ವ ಗೌರಕ್ಕ ಹಳೆ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿದದ್ದು.

"ಫೋನ್ ಯಾಕ ಆಫ್ ಮಾಡೀದಿ? ಬರ್ತೇನಿ ಅಂದಿದ್ನಲ್ಲ!"

"ಅದು ಫೋನ್ ಇಡೋ ಮಾತು ಅನ್ಕೊಂಡ್ನೋ, ಪುಣ್ಯಾತ್ಮಾ!"

"ಅಯ್ಯ ಹುಚ್ಚಿ! ನಾ ಅವಾಗೇ ಟಿಕೆಟ್ ಬುಕ್ ಮಾಡೀನಿ. ಮೆಲ್ಬರ್ನ್ ಆಫೀಸಿಗೆ ಕಳಸ್ರಿ ಅಂತ ಮ್ಯಾನೇಜರ್‌ಗೂ ಮೆಸೇಜ್ ಹಾಕೀನಿ." ಅವನ ಕಿವಿ ಕೆಂಪಾಗಿತ್ತು. "ನೀ ಯಾವಾಗ ಕರೀತಿ ಅಂತ ಒಂದು ವರ್ಷ ಕಾದೀನಿ, ಮಹಾ."

ಅಳು, ನಗು ಒಟ್ಟಿಗೇ ಬಂದವು. ಅವನು ಕೌದಿ ಬಿಡಿಸಿ ನನ್ನ ಹೆಗಲಿಗೆ ಸುತ್ತಿದ. ಆದರೂ ಹೊಸ್ತಿಲ ಆಚೆಯೇ ನಿಂತಿದ್ದ.

"ಈಗರೆ ಒಳಗ ಬರ್ಲೇನು?"

"ಬಾ," ಎಂದು ಅವನ ಕೈ ಹಿಡಿದೆ. "ಆದ್ರ ಇನ್ನ ಮ್ಯಾಲೆ ನನಗ ಬರ್ತೇನಿ ಅನ್ನಬ್ಯಾಡ."