ಇಪ್ಪತ್ತೈದನೆಯ ದಿನದ ಮಾತು

ಅವನು ಆ ಪ್ರಶ್ನೆ ಕೇಳಿದ್ದು ಅವಳ ತಿಂಗಳ ಹನ್ನೆರಡನೆಯ ದಿನ. ಕ್ಯಾಲೆಂಡರಿನ ತಿಂಗಳಲ್ಲ, ಅವಳ ಮೈಯ ತಿಂಗಳು.

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅವನು ಎದುರು ಸಾಲಿನಲ್ಲಿ ಹಳೆಯ ಪುಸ್ತಕಗಳನ್ನು ರಿಪೇರಿ ಮಾಡಿ ಹೊಸ ರಟ್ಟು ಹಾಕುವ ಬೈಂಡರ್. ವಾರಕ್ಕೊಮ್ಮೆಯಾದರೂ ಕನ್ನಡಕಕ್ಕೆ ಅಂಟು ಮೆತ್ತಿಸಿಕೊಂಡು ಹಾಜರಾಗುತ್ತಿದ್ದ. ಅಂಗಡಿಯ ಯಜಮಾನರು ಅವನಿಗೆ 'ಗೋಂದು' ಎಂದೇ ಹೆಸರಿಟ್ಟಿದ್ದರು. ಬಂದ ಮೇಲೆ ಅವನು ಸುಲಭಕ್ಕೆ ಕದಲುವ ಆಸಾಮಿಯೂ ಅಲ್ಲ.

"ಈ ಸ್ಕ್ರೂ ತಾನಾಗೇ ಸಡಿಲ ಆಗಿದ್ದಲ್ಲ," ಅವಳು ಫ್ರೇಮನ್ನು ಬೆಳಕಿಗೆ ಹಿಡಿದು ಹೇಳಿದಳು. "ಯಾರೋ ತಿರುಗಿಸಿದ್ದಾರೆ."

"ಹೌದಾ? ಎಂಥೆಂಥ ಜನ ಇರ್ತಾರೆ ನೋಡಿ ಮೇಡಂ."

ಕನ್ನಡಕವಿಲ್ಲದೆ ಅವನಿಗೆ ಎದುರಿನವರ ಮುಖವೂ ಮಂಜು ಮಂಜು. ಅದು ಅವಳಿಗೆ ಚೆನ್ನಾಗಿ ಗೊತ್ತು, ಅವನ ನಂಬರ್ ಬರೆದವಳೇ ಅವಳು. ಹಾಗಾಗಿ ಆ ಎರಡು ನಿಮಿಷ ಅವನನ್ನು ಧೈರ್ಯವಾಗಿ, ಕಣ್ತುಂಬ ನೋಡುತ್ತಿದ್ದಳು.

"ದೂರದ ಊರಲ್ಲಿ ಒಂದು ಲೈಬ್ರರಿಗೆ ನೀರು ನುಗ್ಗಿದೆಯಂತೆ," ಎಂದ ಅವನು. "ಸಾವಿರಾರು ಪುಸ್ತಕ ನೆಂದುಹೋಗಿವೆ. ಒಂದು ವರ್ಷದ ಕೆಲಸಕ್ಕೆ ಕರೀತಿದ್ದಾರೆ. ಹೋಗ್ಲಾ?"

ಅವಳ ಎದೆ ಧಸಕ್ಕೆಂದಿತು. ಮುಖ ಮಾತ್ರ ನಕ್ಕಿತು.

"ಖಂಡಿತ ಹೋಗಿ. ಇಂಥ ಅವಕಾಶ ಮತ್ತೆ ಸಿಗುತ್ತಾ?"

ಎಷ್ಟು ಚೆಂದದ, ಎಷ್ಟು ಸಮಾಧಾನದ ಉತ್ತರ. ಅದರಲ್ಲಿ ಒಂದಕ್ಷರವೂ ನಿಜವಿರಲಿಲ್ಲ.

ಅವಳ ಸಮಾಧಾನಕ್ಕೂ ಒಂದು ಕಥೆಯಿತ್ತು. ಪ್ರತಿ ತಿಂಗಳೂ ಮುಟ್ಟಿಗೆ ಮುಂಚಿನ ನಾಲ್ಕೈದು ದಿನ ಅವಳು ಅವಳಾಗಿರುತ್ತಿರಲಿಲ್ಲ. ಒಮ್ಮೆ ಅಕ್ಕನ ಮನೆಯಲ್ಲಿ ಊಟದ ನಡುವೆಯೇ ಎದ್ದು ಬಂದಿದ್ದಳು. ಇನ್ನೊಮ್ಮೆ ಕೆಲಸ ಬಿಡುವ ಪತ್ರ ಬರೆದು, ಯಜಮಾನರ ಮೇಜಿನ ಮೇಲಿಟ್ಟು, ಅವರು ಬರುವಷ್ಟರಲ್ಲಿ ತಾನೇ ಹರಿದು ಹಾಕಿದ್ದಳು. ಕೊನೆಗೆ ಪಕ್ಕದ ಬೀದಿಯ ಆಯುರ್ವೇದದ ಡಾಕ್ಟರಮ್ಮನ ಹತ್ತಿರ ಹೋದಳು.

ಡಾಕ್ಟರಮ್ಮ ನಾಡಿ ಹಿಡಿದು ಬಹಳ ಹೊತ್ತು ಕೂತಿದ್ದರು. "ಆ ದಿನಗಳಲ್ಲಿ ಕೆಳಗೆ ಇಳೀಬೇಕಾದ ವಾತ ದಾರಿ ಸಿಗದೆ ಒದ್ದಾಡುತ್ತೆ ಅಂತ ನಮ್ಮ ಶಾಸ್ತ್ರ ಹೇಳುತ್ತಮ್ಮ. ಅಳು, ಭಯ, ನಿದ್ದೆಗೇಡು ಅದರದ್ದು. ಉರಿ, ಸಿಡುಕು ಪಿತ್ತದ್ದು. ಬಿಸಿಯಾಗಿ ಊಟ ಮಾಡು, ಪಾದಕ್ಕೆ ಎಳ್ಳೆಣ್ಣೆ ಹಚ್ಚು, ಬೇಗ ಮಲಗು. ದಿನಾ ಎರಡು ಸಾಲು ಬರೆದಿಡು. ಮೈ ಹೇಗಿತ್ತು, ಮನಸ್ಸು ಹೇಗಿತ್ತು, ಅಷ್ಟೇ."

ಅವಳು ಚಾಚೂ ತಪ್ಪದೆ ಪಾಲಿಸಿದಳು. ಒಳ್ಳೆಯದೂ ಆಯಿತು. ಆದರೆ ಡಾಕ್ಟರಮ್ಮ ಹೇಳದ ಒಂದು ನಿಯಮವನ್ನು ತಾನಾಗಿ ಸೇರಿಸಿಕೊಂಡಳು. ದಣಿದ ಕಣ್ಣಿಗೆ ನಂಬರ್ ಬರೆಯಬಾರದು ಎಂಬುದು ಅವಳ ಕಸುಬಿನ ಪಾಠ; ನಿದ್ದೆಗೆಟ್ಟು ಬಂದವರನ್ನು ನಾಳೆ ಬನ್ನಿ ಎಂದು ಕಳಿಸುತ್ತಿದ್ದಳು. ತನ್ನ ಮನಸ್ಸಿಗೂ ಅದೇ ಕಾನೂನು ಮಾಡಿದಳು. ಅಂಗಡಿಯ ಕ್ಯಾಲೆಂಡರಿನಲ್ಲಿ ಆ ಐದು ದಿನಗಳಿಗೆ ಪೆನ್ಸಿಲಿನಿಂದ ಚುಕ್ಕಿ ಇಡುತ್ತಿದ್ದಳು. ಚುಕ್ಕಿ ಏನೆಂದು ಅವನು ಕೇಳಿದಾಗ ಮುಚ್ಚುಮರೆಯಿಲ್ಲದೆ ಹೇಳಿಯೂ ಇದ್ದಳು.

"ಆ ದಿನಗಳಲ್ಲಿ ನಾನು ಏನಂದ್ರೂ ಲೆಕ್ಕಕ್ಕಿಲ್ಲ. ಮನಸ್ಸಿಗೆ ಹಚ್ಕೋಬೇಡಿ."

ಅವನೋ, ಹೇಳಿದ್ದನ್ನು ಎರಡೂ ಕಿವಿಯಲ್ಲಿ ಕೇಳಿಸಿಕೊಳ್ಳುವ ಪ್ರಾಣಿ. ಅವಳಿಗೆ ತೊಂದರೆಯಾಗಬಾರದೆಂದು ಚುಕ್ಕಿಯ ದಿನಗಳಲ್ಲಿ ಅಂಗಡಿಯ ಕಡೆ ತಲೆಯೇ ಹಾಕುತ್ತಿರಲಿಲ್ಲ. ಆ ಐದು ದಿನ ಅವಳು ಬಾಗಿಲಿನ ಸದ್ದಿಗೆಲ್ಲ ತಲೆಯೆತ್ತುತ್ತಿದ್ದಳು. ಸಂಜೆ ಮಹಡಿಯ ಒಂಟಿ ಕೋಣೆಗೆ ಹೋಗಿ, ತನ್ನ ಪಾದಕ್ಕೆ ತಾನೇ ಎಣ್ಣೆ ತಿಕ್ಕಿಕೊಂಡು, ಗೋಡೆ ನೋಡುತ್ತ ಕೂರುತ್ತಿದ್ದಳು.

ಇಪ್ಪತ್ತೈದನೆಯ ದಿನ ಅವನು ಚುಕ್ಕಿಯನ್ನೂ ಮೀರಿ ಬಂದ.

"ನಾಳೆ ಬೆಳಿಗ್ಗೆ ಹೊರಡ್ತಿದ್ದೀನಿ. ಹೇಳಿ ಹೋಗೋಣ ಅಂತ."

"ಹೋಗಬೇಡಿ," ಎಂದುಬಿಟ್ಟಳು. ಮಾತು ಬಾಯಿಂದ ಜಾರಿದ ಮೇಲೆ ಕಣ್ಣೂ ತುಂಬಿತು.

ಅವನು ಬೆಚ್ಚಿ ಅವಳನ್ನು ನೋಡಿದ. ಆಮೇಲೆ ಗೋಡೆಯ ಕ್ಯಾಲೆಂಡರನ್ನು ನೋಡಿದ. ಅವನ ಮುಖದಲ್ಲಿ ಹತ್ತಿಕೊಂಡ ಬೆಳಕು ಹಾಗೇ ಆರಿತು.

"ಇವತ್ತು ಬೇಡ ಮೇಡಂ," ಎಂದ ಮೆಲ್ಲಗೆ. "ಈ ದಿನಗಳು ಕಳೀಲಿ. ಆಗಲೂ ಹೀಗೇ ಅನ್ನಿಸಿದ್ರೆ ಫೋನ್ ಮಾಡಿ."

ಸಿಟ್ಟಿನಿಂದ ಹೇಳಿದ್ದರೆ ಅವಳು ಜಗಳವಾಡುತ್ತಿದ್ದಳು. ಅಕ್ಕರೆಯಿಂದ ಹೇಳಿದ. ಅಕ್ಕರೆಯ ಜೊತೆ ಹೇಗೆ ಜಗಳವಾಡುವುದು?

ಮಧ್ಯಾಹ್ನ ಅಕ್ಕನ ಫೋನ್ ಬಂತು. ಇವಳು "ಹಲೋ" ಎಂದಿದ್ದಷ್ಟೆ.

"ಡೇಟ್ ಹತ್ರ ಬಂತೇನೇ? ಸರಿ ಬಿಡು, ಮುಂದಿನ ವಾರ ಮಾತಾಡ್ತೀನಿ."

ಇಡೀ ಜಗತ್ತೇ ಅವಳನ್ನು ಮುಂದಿನ ವಾರಕ್ಕೆ ಮುಂದೂಡಿತ್ತು. ಆ ದಾರಿ ತೋರಿಸಿದವಳೂ ಅವಳೇ.

ಸಂಜೆ ಡಾಕ್ಟರಮ್ಮನ ಮುಂದೆ ನೋಟ್‌ಬುಕ್ ಇಟ್ಟು, ನಡೆದದ್ದನ್ನೆಲ್ಲ ಬಿಕ್ಕುತ್ತ ಹೇಳಿದಳು. ಅವರು ಹಾಳೆಗಳನ್ನು ಹಿಂದಕ್ಕೆ ತಿರುವುತ್ತ ಹೋದರು.

"ಇದೇನಮ್ಮ, ಆರು ತಿಂಗಳಿಂದ ಆ ದಿನಗಳಲ್ಲೆಲ್ಲ ಒಂದೇ ಸಾಲು? 'ಅವರು ಇವತ್ತೂ ಬರಲಿಲ್ಲ.' ಒಳ್ಳೆ ದಿನಗಳಲ್ಲಿ ಅವನ ಸುದ್ದೀನೇ ಇಲ್ಲ."

"ಒಳ್ಳೆ ದಿನಗಳಲ್ಲಿ ಸಹಿಸ್ಕೋತೀನಿ ಡಾಕ್ಟರಮ್ಮ."

"ಅಕ್ಕನ ಮನೆ ಊಟ ಬಿಟ್ಟು ಎದ್ದೆಯಲ್ಲ, ಆ ಸಿಟ್ಟು ಮೂರು ದಿನಕ್ಕೆ ಇಳೀತು. ಇದು ಇಳಿದಿಲ್ಲ." ನೋಟ್‌ಬುಕ್ ಮುಚ್ಚಿದರು. "ನಾನು ಪಾದಕ್ಕೆ ಎಣ್ಣೆ ಹಚ್ಚು ಅಂದೆ. ಬಾಯಿಗೆ ಬೀಗ ಹಾಕು ಅಂದ್ನಾ?"

ಅವಳು ಮುಖ ಕೂಡ ತೊಳೆಯದೆ ನೇರವಾಗಿ ಬೈಂಡಿಂಗ್ ಅಂಗಡಿಗೆ ಹೋದಳು. ಅವನು ದಬ್ಬಣ, ದಾರದುಂಡೆಗಳನ್ನೆಲ್ಲ ಪೆಟ್ಟಿಗೆಗೆ ತುಂಬುತ್ತಿದ್ದ.

"ಇವತ್ತು ಇಪ್ಪತ್ತೈದನೇ ದಿನ, ನನಗೂ ಗೊತ್ತು. ಸೊಂಟ ನೋಯ್ತಿದೆ. ಬೆಳಿಗ್ಗೆಯಿಂದ ಮೂರು ಸಲ ಅತ್ತಿದ್ದೀನಿ, ಯಜಮಾನರ ಮೇಲೆ ರೇಗಿದ್ದೀನಿ. ಅದೆಲ್ಲ ವಾತಾನೋ ಪಿತ್ತಾನೋ ಏನಾದ್ರೂ ಆಗಿರ್ಲಿ. ಆದ್ರೆ ಆವತ್ತು ನಾನು ನಗ್ತಾ 'ಹೋಗಿ' ಅಂದೆನಲ್ಲ, ಅದು ಸುಳ್ಳು. ನೀವಂದ್ರೆ ನನಗಿಷ್ಟ. ಇದು ನಿಜ. ಮುಂದಿನ ವಾರ ಹೇಳೋ ಧೈರ್ಯ ಇರಲ್ಲ, ಅದಕ್ಕೇ ಈಗ ಹೇಳ್ತಿದ್ದೀನಿ."

ಅವನು ಕೈಲಿದ್ದ ದಾರದುಂಡೆ ಕೆಳಗಿಟ್ಟು ಪೆಟ್ಟಿಗೆಯ ಮೇಲೆ ಕೂತ.

"ನೀವು ಬೇಡ ಅಂತೀರಿ ಅಂತಲೇ ಆವತ್ತು ಕೇಳಿದ್ದು," ಎಂದ. "ನೀವು ಅಷ್ಟು ಖುಷಿಯಾಗಿ ಕಳಿಸಿದ್ರಲ್ಲ, ಅದೇ ಬೇಜಾರಲ್ಲಿ ಸಹಿ ಹಾಕಿಬಿಟ್ಟೆ."

ಇಬ್ಬರಿಗೂ ನಗು ಬರಬೇಕಿತ್ತು, ಬರಲಿಲ್ಲ. ನೆಂದ ಪುಸ್ತಕಗಳಿಗೆ ದಿನದಿನಕ್ಕೂ ಬೂಷ್ಟು ಹಿಡಿಯುತ್ತದೆ, ಅವು ಕಾಯುವುದಿಲ್ಲ. ಅವನು ಮಾತು ಕೊಟ್ಟಾಗಿತ್ತು. ಮಾತು ಮುರಿಯಿರಿ ಎಂದು ಅವಳೂ ಕೇಳಲಿಲ್ಲ.

"ಆ ಐದೈದು ದಿನ ನಾನು ಬರದೇ ಇದ್ದದ್ದು ನಿಮ್ಮ ಒಳ್ಳೇದಕ್ಕೆ ಅಂತ..."

"ಆ ಐದು ದಿನಾನೇ ನೀವು ಬೇಕಾಗಿದ್ದದ್ದು."

ಅವನು ಅಂಟು ಮೆತ್ತಿದ ಬೆರಳುಗಳಿಂದಲೇ ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಬೀದಿಯ ಅಂಗಡಿಗಳೆಲ್ಲ ಒಂದೊಂದಾಗಿ ಬಾಗಿಲು ಹಾಕುವವರೆಗೂ ಹಾಗೇ ಕೂತಿದ್ದರು.

ಬೆಳಿಗ್ಗೆ ಅವನು ಹೊರಟುಹೋದ. ಇಡೀ ದಿನ ಅಂಗಡಿಯಲ್ಲಿ ಅವಳಿಗೆ ಯಾವ ಕೆಲಸವೂ ಕೈಹತ್ತಲಿಲ್ಲ. ಸಂಜೆ ಕೋಣೆಗೆ ಬಂದು ದೀಪ ಹಾಕುವ ಮೊದಲೇ ಫೋನ್ ಬಂತು.

"ತಲುಪಿದೆ. ಇವತ್ತು ಹೇಗಿದ್ದೀರಿ?"

"ಚೆನ್ನಾಗಿಲ್ಲ. ನೀವು ಹೋದದ್ದಕ್ಕೆ ಸಿಟ್ಟು ಬರ್ತಿದೆ. ಅಳುನೂ ಬರ್ತಿದೆ."

"ಹೇಳಿ."

"ಇವತ್ತು ಇಪ್ಪತ್ತಾರನೇ ದಿನ ರೀ."

"ಗೊತ್ತು. ಹೇಳಿ, ಕೇಳ್ತಿದ್ದೀನಿ."

ಅವಳು ಕತ್ತಲಲ್ಲೇ ಗೋಡೆಗೊರಗಿ ಕೂತು, ಒಂದೊಂದಾಗಿ ಎಲ್ಲವನ್ನೂ ಹೇಳಿದಳು. ನಡುನಡುವೆ ಅತ್ತಳು. ಆ ಕಡೆಯಿಂದ ಅವನು, ನಾಳೆ ಮಾತಾಡೋಣ ಎನ್ನಲಿಲ್ಲ.