ಯಾರೂ ಒಯ್ಯದ ಕೋಟು

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಟೈಲರ್, ಟೇಪಿಗೆ ಸಿಗದ್ದನ್ನು ನಾನೂ ನಂಬುತ್ತಿರಲಿಲ್ಲ.

ಹೊಸ ಬಾಡಿಗೆ ಮನೆಗೆ ಬಂದಿದ್ದೇ ತಡ, ಮಸಿ ಎಂಬ ನಮ್ಮ ಕರಿಬೆಕ್ಕು ಮಂಚದಡಿ ಸೇರಿಬಿಟ್ಟಿತು. ಹಾಲು ಮುಟ್ಟಲಿಲ್ಲ. ಬಾಗಿಲು ಕಿರುಗುಟ್ಟಿದರೂ ಬೆಚ್ಚಿಬೀಳುತ್ತಿತ್ತು. ಉಳಿಯುವುದೇ ಅನುಮಾನ ಎನಿಸಿತು.

"ಎಳೀಬೇಡಿ. ನೀವು ಹಾಕಿ ಬಿಟ್ಟ ಬಟ್ಟೆ ಹಾಸಿಡಿ. ಮನೆಯವರ ವಾಸನೆಗೆ ಧೈರ್ಯ ಬರುತ್ತೆ," ಎಂದರು ಪಶುವೈದ್ಯರು.

ಆಲ್ಟ್ರೇಷನ್‌ಗೆಂದು ಮನೆಗೆ ತಂದಿದ್ದ ಬಟ್ಟೆಗಳ ರಾಶಿಯಲ್ಲೇ ನನ್ನ ಹಳೇ ಕೋಟೂ ಇತ್ತು. ಗಡಿಬಿಡಿಯಲ್ಲಿ ಎಳೆದು ಹಾಸಿದೆ. ಮಧ್ಯಾಹ್ನಕ್ಕೆ ಮಸಿ ಅದರ ಮೇಲೆ ಮಲಗಿ ಹಾಯಾಗಿ ಗುರುಗುಟ್ಟುತ್ತಿತ್ತು. ಹೆಂಡತಿಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಕೋಟು ಕೊಡವಲು ಎತ್ತಿಕೊಂಡವಳು ಥಟ್ಟನೆ ಕೈಬಿಟ್ಟಳು. "ಇದು ನಿಮ್ದಲ್ಲ ಕಣ್ರೀ. ತೋಳು ನೋಡಿ, ಎಷ್ಟುದ್ದ! ಬೆಕ್ಕು ಎದ್ದುಹೋಗಿ ಎಷ್ಟೋ ಹೊತ್ತಾಯ್ತು, ಒಳಗಡೆ ಇನ್ನೂ ಬೆಚ್ಚಗಿದೆ."

ತೋಳು ಗಿಡ್ಡ ಮಾಡಲು ಯಾರೋ ಕೊಟ್ಟು, ಮತ್ತೆ ಒಯ್ಯಲು ಬರದೇ ಹೋದ ಕೋಟು. ಯಾರೆಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಅಂಗಡಿಗೆ ಒಯ್ದು, ಬೀರುವಿನಲ್ಲಿಟ್ಟು ಬೀಗ ಹಾಕಿ ಬಂದೆ.

ಮನೆಗೆ ಮರಳಿದಾಗ ಹೆಂಡತಿ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಮಾತಾಡಬೇಡಿ ಎಂದು ಸನ್ನೆ ಮಾಡಿದಳು.

ಸಂಜೆ ಬಿಸಿಲಿನಲ್ಲಿ ಮಸಿ ಬರೀ ನೆಲದ ಮೇಲೆ ಗದ್ದ ಎತ್ತಿ, ಕಣ್ಣು ಮುಚ್ಚಿ ಗುರುಗುಟ್ಟುತ್ತಿತ್ತು. ಹತ್ತಿರ ಯಾರೂ ಇರಲಿಲ್ಲ. ಅದರ ಹಣೆಯ ಕೂದಲು ಮಾತ್ರ ಮೆಲ್ಲಗೆ ಹಿಂದಕ್ಕೆ ಒರಗುತ್ತಿತ್ತು, ಏಳುತ್ತಿತ್ತು, ಮತ್ತೆ ಒರಗುತ್ತಿತ್ತು.