ಸುಖಪೀಠ

ಶಿವಲೀಲಾ ಹೊಂಬಳದ ಏರಿ ಕುಳಿತ ಸೈಕಲ್ ಸೀಟು ಒಮ್ಮೆ ಉಸಿರೆಳೆದುಕೊಂಡು, ಎಡಕ್ಕೆ ಕೊಂಚ ತಗ್ಗಿ, ನಡುವೆ ಬೆರಳಗಲದ ಕಣಿವೆ ಮಾಡಿಕೊಂಡು ಸುಮ್ಮನಾಯಿತು. ಪ್ರಯೋಗಾಲಯದ ಗೋಡೆಯ ಪರದೆಯಲ್ಲಿ ಅಂಕಿ ಮೂಡಿತು: ಹನ್ನೆರಡು ಮುಲುಕು.

"ಮುಲುಕು ಎಂದರೆ ನೋವಿನ ಮಾನ. ನಾನೇ ಇಟ್ಟ ಹೆಸರು," ಎಂದರು ವಿಜ್ಞಾನಿ ಶ್ರೀನಿಧಿ ಉಪಾಧ್ಯ. "ಹಳೆಯ ಸೀಟಿನ ಮೇಲೆ ನಿಮ್ಮದು ಎಂಬತ್ತಾರು ಇತ್ತು."

"ಎಂಬತ್ತಾರು ಅಂತ ಗೊತ್ತಿರಲಿಲ್ರಿ ಸರ. ಭಾಳ ನೋವಾಗ್ತೈತಿ ಅಂತಷ್ಟ ಗೊತ್ತಿತ್ತು."

ಶಿವಲೀಲಾಗೆ ನಲವತ್ತಾರು ವರ್ಷ. ಕಪ್ಪತಗುಡ್ಡದ ನೆತ್ತಿಯ ಗಾಳಿಯಂತ್ರಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ರೆಕ್ಕೆಯ ಸದ್ದು ಕೇಳಿಯೇ ಯಾವ ಬೇರಿಂಗು ಸವೆದಿದೆ ಎಂದು ಹೇಳಬಲ್ಲಳು. ಗುಡ್ಡದ ಮೇಲೆ ಮೋಟಾರು ವಾಹನ ನಿಷೇಧಿಸಿ ಇಪ್ಪತ್ತು ವರ್ಷಗಳಾಗಿದ್ದವು. ಹಾಗಾಗಿ ದಿನಕ್ಕೆ ಮೂವತ್ತು ಕಿಲೋಮೀಟರು ಕಲ್ಲುಹಾದಿಯಲ್ಲಿ ದಪ್ಪ ಗಾಲಿಯ ಸೈಕಲ್ಲೇ ಗತಿ. ಮಂಗಳ ಗ್ರಹದಲ್ಲಿ ಊರು ಕಟ್ಟಿದ ಮನುಷ್ಯ ಸೈಕಲ್ ಸೀಟನ್ನು ಮಾತ್ರ ಮುತ್ತಜ್ಜನ ಕಾಲದಲ್ಲಿ ಇದ್ದಂತೆಯೇ ಬಿಟ್ಟಿದ್ದ.

ಮೂರು ವರ್ಷಗಳಲ್ಲಿ ಅವಳು ಒಂಬತ್ತು ಸೀಟು ಬದಲಿಸಿದ್ದಳು. ದಿಂಬಿನಂಥದರಲ್ಲಿ ತೊಡೆಗೆ ಜೋಮು ಹಿಡಿಯಿತು. ಹಲಗೆಯಂಥದರಲ್ಲಿ ಚರ್ಮ ಕಿತ್ತುಬಂತು. ನಡುವೆ ತೂತಿದ್ದದ್ದು ತೂತಿನ ಅಂಚಿನಲ್ಲೇ ಕೊಯ್ಯಿತು. "ಒಂದು ತಿಂಗಳು ತಡೀರಿ, ಹೊಂದಿಕೊಳ್ಳುತ್ತೆ" ಎಂದು ಪ್ರತಿ ಅಂಗಡಿಯವನೂ ಹೇಳಿದ್ದ. ಯಾವುದು ಯಾವುದಕ್ಕೆ ಎಂದು ಯಾರೂ ಹೇಳಿರಲಿಲ್ಲ. ಕೊನೆಗೆ ಕಂಪನಿ ಪತ್ರ ಬರೆಯಿತು: ಇನ್ನೊಂದು ಸಲ ನೋವೆಂದು ರಜೆ ಹಾಕಿದರೆ ಗದಗಿನ ಕಚೇರಿಗೆ ವರ್ಗ. ಕೂರಲಾಗದವಳಿಗೆ ದಿನಕ್ಕೆ ಎಂಟು ಗಂಟೆ ಕೂರುವ ಕೆಲಸವೇ ಮದ್ದೆಂದು ಅವರಿಗೆ ತೋಚಿತ್ತು.

ಉಪಾಧ್ಯರು ವಿವರಿಸಿದರು. ಮನುಷ್ಯ ಕೂರುವುದು ಮಾಂಸದ ಮೇಲಲ್ಲ, ಎರಡು ಮೂಳೆಗಳ ಮೇಲೆ. ಸೀಟು ತೀರಾ ಮೆತ್ತಗಿದ್ದರೆ ಮೂಳೆಗಳು ಹೂತುಹೋಗಿ ಭಾರವೆಲ್ಲ ನಡುವಿನ ನರಗಳ ಮೇಲೆ ಬೀಳುತ್ತದೆ. ಒಬ್ಬೊಬ್ಬರ ಮೂಳೆಗಳ ಅಂತರವೂ ಬೇರೆ. ಅದಕ್ಕಾಗಿ ಸುಖಪೀಠವೆಂಬ ಈ ಹೊಸ ಸೀಟಿನೊಳಗೆ ಒಂಬೈನೂರು ಗಾಳಿಗೂಡುಗಳು, ಅವುಗಳನ್ನು ಆಳಲು ಒಂದು ಕಲಿಕಾಯಂತ್ರ. ಅದಕ್ಕೆ ಕೊಟ್ಟ ಆಜ್ಞೆ ಒಂದೇ: ದಿನದ ಒಟ್ಟು ಮುಲುಕು ಕಡಿಮೆ ಮಾಡು.

"ಇದು ತಾನಾಗಿಯೇ ಕಲಿಯುತ್ತದೆ ಅಮ್ಮಾ. ನೀವು ಸುಮ್ಮನೆ ಕೂತರಾಯಿತು."

ಮೊದಲ ವಾರ ಶಿವಲೀಲಾ ಹಾಡು ಗುನುಗುತ್ತ ಗುಡ್ಡ ಹತ್ತಿದಳು. ಎರಡನೆಯ ವಾರ, ಹೊರಟು ಏಳು ನಿಮಿಷವಾಗುತ್ತಲೇ ಸೀಟಿನ ನಡುವೆ ಹುಣಸೆಬೀಜದಷ್ಟು ಗಂಟೊಂದು ಎದ್ದು ಸರಿಯಾಗಿ ಚುಚ್ಚಿತು. ಅವಳು ಪೆಡಲ್ ಮೇಲೆ ಎದ್ದು ನಿಂತಳು. ಕುಳಿತಾಗ ಮತ್ತೆ ಚುಚ್ಚಿತು. ಇಳಿಜಾರು ಬಂದರಂತೂ ಸೀಟು ಮೂಗು ಕೆಳಗೆ ಮಾಡಿ ಅವಳನ್ನು ನೇರ ಎಬ್ಬಿಸಿಯೇ ಬಿಡುತ್ತಿತ್ತು. ಐದನೆಯ ವಾರ ಅವಳು ಅದನ್ನು ಬಿಚ್ಚಿ ಚೀಲಕ್ಕೆ ತುರುಕಿಕೊಂಡು ಪ್ರಯೋಗಾಲಯಕ್ಕೆ ಬಂದಳು.

ಉಪಾಧ್ಯರು ಲೆಕ್ಕ ನೋಡಿ ಮುಖವರಳಿಸಿದರು. "ನೋಡಿ, ಎಂಥ ಫಲಿತಾಂಶ. ದಿನಕ್ಕೆ ನಾಲ್ಕೇ ಮುಲುಕು."

"ಇದು ಕುಂದ್ರಾಕ ಬಿಡವಲ್ದರಿ ಸರ."

"ಆದರೆ ನೋವು ಇಲ್ಲವಲ್ಲ?"

"ಕುಂತರ ತಾನs ನೋವು?"

ಉಪಾಧ್ಯರು ಲೆಕ್ಕವನ್ನು ಮೊದಲಿನಿಂದ ಇನ್ನೊಮ್ಮೆ ಓದಿದರು. ಹನ್ನೊಂದು ವರ್ಷದ ಸಂಶೋಧನೆ, ನಲವತ್ತು ಪ್ರಬಂಧಗಳು, ಮೂರು ವಿದೇಶ ಪ್ರವಾಸ. ಸೀಟಿನ ಮೇಲೆ ಯಾರೂ ಕೂರದಿದ್ದರೆ ಸೀಟಿನಿಂದ ಯಾರಿಗೂ ನೋವಿಲ್ಲ ಎಂಬುದನ್ನು ಯಂತ್ರ ಎರಡೇ ವಾರದಲ್ಲಿ ಕಂಡುಕೊಂಡಿತ್ತು.

"ಇದನ್ನು ಇಲ್ಲೇ ಬಿಟ್ಟುಹೋಗಿ ಅಮ್ಮಾ," ಎಂದರು ಅವರು ತಗ್ಗಿದ ದನಿಯಲ್ಲಿ. "ಸರಿಪಡಿಸಿ ಕೊಡುತ್ತೇನೆ."

ಶಿವಲೀಲಾ ಯೋಚಿಸಿದಳು. ಬೈಯಲೆಂದೇ ಬಂದಿದ್ದಳು. ಆದರೆ ತೊಡೆಯ ಜೋಮು ಹೋಗಿ ಎರಡು ವಾರವಾಗಿತ್ತು. ಕಲ್ಲಿಳಿಜಾರಿನಲ್ಲಿ ಎದ್ದು ನಿಂತರೆ ಕುಲುಕಾಟವನ್ನೆಲ್ಲ ಮೊಣಕಾಲೇ ನುಂಗುತ್ತಿತ್ತು, ಬೆನ್ನಿಗೆ ತಾಗುತ್ತಿರಲಿಲ್ಲ. ಒಂಬತ್ತು ಅಂಗಡಿಯವರಲ್ಲಿ ಒಬ್ಬನೂ ಈ ಮಾತು ಹೇಳಿರಲಿಲ್ಲ. ಏಳಲು ಹೇಳಿಕೊಟ್ಟರೆ ಸೀಟು ಮಾರುವುದು ಹೇಗೆ?

"ಬ್ಯಾಡ್ರಿ ಸರ. ಸರಿ ಮಾಡಿ ಕೆಡಿಸಬ್ಯಾಡ್ರಿ," ಎಂದು ಚೀಲ ಹೆಗಲಿಗೇರಿಸಿದಳು. ಗದಗಿನ ಕುರ್ಚಿ ಬೇರೆ ಯಾರಿಗೋ ಹೋಯಿತು.

ಉಪಾಧ್ಯರೂ ಬುದ್ಧಿವಂತರೇ. ವರದಿಯಲ್ಲಿ ನಾಲ್ಕು ಮುಲುಕೆಂದು ಬರೆದರು. ಅದು ಹೇಗೆಂದು ಬರೆಯಲಿಲ್ಲ. ಸರ್ಕಾರ ಪ್ರಶಸ್ತಿ ಘೋಷಿಸಿತು. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ವಿಜ್ಞಾನಿಗೆ ಗೌರವ ಸಲ್ಲಿಸಲೆಂದು ಧಾರವಾಡದ ಸಭಾಂಗಣದ ಎಂಟುನೂರು ಕುರ್ಚಿಗಳಿಗೂ ಸುಖಪೀಠ ಹೊಲಿಸಿದರು. ಶಿವಲೀಲಾಳ ಸೀಟು ಕಲಿತದ್ದನ್ನೆಲ್ಲ ಅವುಗಳಿಗೆ ಮೊದಲೇ ತುಂಬಿದ್ದರು.

ಮಂತ್ರಿಗಳು ಮೈಕಿನ ಮುಂದೆ ನಿಂತು ಮಾತು ಆರಂಭಿಸಿದರು. ಏಳನೆಯ ನಿಮಿಷಕ್ಕೆ ಇಡೀ ಸಭೆ ಒಟ್ಟಿಗೇ ಎದ್ದು ನಿಂತಿತು. ಮಂತ್ರಿಗಳು ಕೈಮುಗಿದರು. ಮೂವತ್ತು ವರ್ಷದ ರಾಜಕೀಯದಲ್ಲಿ ಅವರಿಗೆ ಇಂಥ ಮರ್ಯಾದೆ ಸಿಕ್ಕಿರಲಿಲ್ಲ. ಬರೆದು ತಂದ ಹಾಳೆಯನ್ನು ಮಡಿಚಿ ಜೇಬಿಗಿಟ್ಟು, ಬಾಲ್ಯದಿಂದ ಶುರುಮಾಡಿದರು. ಒಂದು ಗಂಟೆ ಕಳೆಯಿತು. ಜನ ಕೂರಲು ನೋಡಿದರು, ಕುರ್ಚಿಗಳು ಬಿಡಲಿಲ್ಲ. ಮಂತ್ರಿಗಳು ಇನ್ನೂ ಹೈಸ್ಕೂಲು ಮುಗಿಸಿರಲಿಲ್ಲ.

ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ನಿಂತಿದ್ದ ಉಪಾಧ್ಯರು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಲೇ ಇದ್ದರು. ಪಕ್ಕದಲ್ಲಿ, ಸೀಟನ್ನು ಮೊದಲು ಬಳಸಿದವಳೆಂದು ಕರೆಸಿದ್ದ ಶಿವಲೀಲಾ, ಗುಡ್ಡ ಹತ್ತಿ ಗಟ್ಟಿಯಾದ ಕಾಲಿನ ಮೇಲೆ ನಿರಾಳವಾಗಿ ನಿಂತಿದ್ದಳು. ಅವರನ್ನು ನೋಡಿ ಅವಳಿಗೆ ಕನಿಕರವಾಯಿತು.

"ಕುಂದರ್ರಿ ಸರ," ಎಂದಳು ಮೆಲ್ಲಗೆ.

"ಎಲ್ಲಿ ಅಮ್ಮಾ?"

"ನೆಲದ ಮ್ಯಾಲ. ಅದಿನ್ನೂ ಏನೂ ಕಲ್ತಿಲ್ಲ."